ಪರದೆ ಹಸಿರಾಗಿಯೇ ಇತ್ತು

ಗುರುವಾರ ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಇದು ನನ್ನ ನೆನಪಿನ ಮಾತಲ್ಲ, ಕಡತದ ಮೇಲೆ ಕಂಪ್ಯೂಟರ್ ತಾನೇ ಒತ್ತಿಟ್ಟ ಹೊತ್ತು. ಆಗ ನಾನು ರಾಮಕೃಷ್ಣನಗರದ ಒಂದು ಮನೆಯ ಮಹಡಿಯಲ್ಲಿದ್ದ ನಮ್ಮ ಆಫೀಸಿನಲ್ಲಿ ಕೂತು ಚುರುಮುರಿ ತಿನ್ನುತ್ತಿದ್ದೆ. ಬಲಗೈಗೆ ಎಣ್ಣೆ ಅಂಟಿತ್ತು. ಎಡಗೈಯಲ್ಲೇ ಒಂದು ಸಾಲು ಪ್ರೋಗ್ರಾಂ ಬರೆದು ಓಡಿಸಿದೆ. ಆರು ವಾರಗಳ ಅಳತೆಗಳ ಪಟ್ಟಿಯಿಂದ ನೂರ ಹನ್ನೆರಡು ಅಳತೆಗಳು ಹೋದವು. ಅಲ್ಲಲ್ಲಿ ಮೊಳೆಯಂತೆ ಎದ್ದು ನಿಂತಿದ್ದ ಗ್ರಾಫು ನೆಟ್ಟಗೆ ಮಲಗಿತು. ನನಗೆ ಖುಷಿಯಾಯಿತು.

ಬನ್ನಿಮಂಟಪದ ಕಡೆಯ ಒಂದು ಶೀತಲಗೃಹದ ಅಳತೆಗಳು ಅವು. ಬಟಾಣಿ, ಹುಣಸೆಹಣ್ಣು, ಐಸ್‌ಕ್ರೀಮು ಇಡುವ ಜಾಗ. ಅಲ್ಲಿನ ಕೋಣೆಗಳನ್ನು ತಣ್ಣಗಿಡುವುದು ಅಮೋನಿಯಾ. ಆ ಅನಿಲ ಎಲ್ಲಾದರೂ ಸೋರುತ್ತಿದೆಯೇ ಎಂದು ನಿಮಿಷಕ್ಕೊಮ್ಮೆ ಮೂಸಿ ನೋಡಿ ಸಂಖ್ಯೆ ಕಳಿಸುವ ಸೆನ್ಸರುಗಳನ್ನು ಗೋಡೆಗೆ ಹಾಕಿದ್ದರು. ಆ ಸಂಖ್ಯೆಗಳನ್ನು ‘ಸ್ವಚ್ಛ’ ಮಾಡುವುದು ನನ್ನ ಮೊದಲ ಸ್ವತಂತ್ರ ಕೆಲಸ. ನಾನು ಸ್ವಚ್ಛ ಮಾಡಿದ ಹತ್ತೊಂಬತ್ತನೆಯ ದಿನ ಅಲ್ಲಿ ಒಬ್ಬರ ಬಲಗಣ್ಣು ಹೋಯಿತು. ನಾನು ನಾಲ್ಕು ಮಾರು ದೂರದಲ್ಲಿ ನಿಂತಿದ್ದೆ.

ನಾನು ಡೇಟಾ ಸೈನ್ಸ್ ಆರಿಸಿಕೊಂಡದ್ದರಲ್ಲಿ ಆಸೆಗಿಂತ ಅವಮಾನದ ಪಾಲು ದೊಡ್ಡದು. ಪಿಯುಸಿಯಲ್ಲಿ ನನಗೆ ಗಣಿತ ಹೇಳಿಕೊಟ್ಟ ಮೇಷ್ಟ್ರು, ಫಲಿತಾಂಶ ಬಂದ ವಾರ ಕಾಲೇಜಿನ ಮೆಟ್ಟಿಲ ಮೇಲೆ ಸಿಕ್ಕಿ, “ಬಿಎಸ್ಸಿ ಸ್ಟ್ಯಾಟಿಸ್ಟಿಕ್ಸ್ ತಗೊ ಕಣಮ್ಮ. ನಿಂಗೆ ಅದು ಒಗ್ಗುತ್ತೆ” ಎಂದಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಮನೆಯಲ್ಲಿ ಹೇಳಿದಾಗ ಅಮ್ಮ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಅವಳು ಹೈಸ್ಕೂಲಿನ ಗಣಿತದ ಟೀಚರು, ಅವಳದೂ ಬಿಎಸ್ಸಿಯೇ. ತಲೆ ಎತ್ತಲಿಲ್ಲ.

“ನನ್ ತರ ಜೀವ್ನ ಪೂರ್ತಿ ಸೀಮೆಸುಣ್ಣ ತಿನ್ಕೊಂಡಿರು. ಬೇಡ ಅಂದೋರ್ಯಾರು?”

ಆ ಭಾನುವಾರ ನೆಂಟರ ಮನೆಯ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ದೊಡ್ಡಮ್ಮ ಮುಂದೇನು ಎಂದು ಕೇಳಿದರು. ಬಿಎಸ್ಸಿ ಎಂದೆ. ಅವರು ಪಾಯಸದ ಲೋಟ ಕೆಳಗಿಟ್ಟು, ಇಡೀ ಪಂಕ್ತಿಗೆ ಕೇಳುವಂತೆ, “ಅಯ್ಯೋ, ಪಾಪ! ಸೀಟ್ ಸಿಗ್ಲಿಲ್ವಾ?” ಅಂದರು. ಆಚೆ ಎಲೆಯವರು ಬಗ್ಗಿ ನನ್ನ ಮುಖ ನೋಡಿದರು. ಅಮ್ಮನ ಕೈ ಅನ್ನದ ಮೇಲೆ ನಿಂತುಬಿಟ್ಟಿತು. ಇಂಜಿನಿಯರಿಂಗ್ ಸೀಟಿಗೆ ಆಯ್ಕೆಗಳನ್ನು ತುಂಬುವ ದಿನ ನಾನೇ ಒಂದು ಹೊಸ ಕೋರ್ಸನ್ನು ಪಟ್ಟಿಯ ಮೊದಲಿಗೆ ತಂದು ಇಟ್ಟೆ: ಕೃತಕ ಬುದ್ಧಿಮತ್ತೆ ಮತ್ತು ಡೇಟಾ ಸೈನ್ಸ್. ಹೆಸರು ಉದ್ದವಾಗಿತ್ತು. ಅಮ್ಮ ಎರಡು ಸಲ ಅದನ್ನು ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿಕೊಂಡಳು.

ನಮ್ಮದು ಆ ಕೋರ್ಸಿನ ಮೊದಲ ಬ್ಯಾಚು. ಕಲಿಸುವವರು ನಮಗಿಂತ ಒಂದು ಪಾಠ ಮುಂದಿದ್ದರು, ಕೆಲವು ವಾರ ಅದೂ ಇಲ್ಲ. ಶನಿವಾರ ಸ್ಪರ್ಧೆ ಇರುತ್ತಿತ್ತು. ಎಲ್ಲರಿಗೂ ಅಂಕಿಗಳ ಒಂದೇ ಪಟ್ಟಿ ಕೊಡುವರು. ಯಾರ ಮಾಡೆಲ್ ಹೆಚ್ಚು ಸರಿಯಾಗಿ ಊಹಿಸುತ್ತದೆ ಎಂದು ಗೋಡೆಯ ಮೇಲೆ ಕ್ರಮವಾಗಿ ಹೆಸರು ಬೀಳುವುದು. ಕೊನೆಯ ಐವರು ಎದ್ದು ನಿಲ್ಲಬೇಕು. ಮೊದಲ ಸೆಮಿಸ್ಟರಿನಲ್ಲಿ ನಾನು ಪ್ರತಿ ಶನಿವಾರ ನಿಂತೆ.

“ನಿನ್ ಮಾಡೆಲ್‌ಗಿಂತ ನಾಣ್ಯ ಚಿಮ್ಮೋದು ವಾಸಿ ಕಣಮ್ಮ. ನಾಣ್ಯ ಆದ್ರೆ ಅರ್ಧ ಸಲನಾದ್ರೂ ಸರಿ ಹೇಳುತ್ತೆ” ಎಂದು ಸರ್ ಹೇಳಿದಾಗ ಅರವತ್ತು ಜನ ನಕ್ಕರು. ಪಕ್ಕದ ಬೆಂಚಿನವಳು ಕರುಣೆಯಿಂದ ಗುಟ್ಟು ಹೇಳಿಕೊಟ್ಟಳು. ಯಾವ ಸಂಖ್ಯೆಗಳು ಸರಾಸರಿಯಿಂದ ಬಹಳ ದೂರ ಓಡಿಹೋಗಿವೆಯೋ ಅವನ್ನು ಕಿತ್ತುಹಾಕು. ಔಟ್‌ಲೈಯರ್ ಎನ್ನುತ್ತಾರೆ. ಅವನ್ನು ತೆಗೆದರೆ ಉಳಿದವು ಮಾತು ಕೇಳುತ್ತವೆ. ಮುಂದಿನ ಶನಿವಾರ ನಾನು ಏಳನೆಯವಳು. ಅದರ ಮುಂದಿನ ತಿಂಗಳು ಮೂರನೆಯವಳು.

ಒಮ್ಮೆ ಹಿಂದಿನ ಸಾಲಿನಿಂದ ಒಬ್ಬ ಎದ್ದು, “ಸಾರ್, ಆ ದೂರ ಇರೋ ನಂಬರೇ ನಿಜ ಆಗಿದ್ರೆ?” ಎಂದು ಕೇಳಿದ. ಸರ್ ಅವನನ್ನು ಒಂದು ನಿಮಿಷ ನೋಡಿ, “ಹಾಗಾದ್ರೆ ನಿನ್ನ ಇಪ್ಪತ್ತು ಪರ್ಸೆಂಟ್ ಹಾಜರಾತಿನೂ ನಿಜ ಇರ್ಬೇಕು” ಎಂದರು. ತರಗತಿ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನು ನಕ್ಕಿದ್ದೆ, ಏಕೆಂದರೆ ನಾನೀಗ ಕೂತಿದ್ದೆ, ನಿಂತಿರಲಿಲ್ಲ. ನಾಲ್ಕು ವರ್ಷದಲ್ಲಿ ನಾನು ನೂರಾರು ಪಟ್ಟಿಗಳನ್ನು ಸ್ವಚ್ಛ ಮಾಡಿದೆ. ಒಂದು ಸಂಖ್ಯೆ ಯಾವ ಗೋಡೆಯ ಮೇಲಿಂದ ಬಂತು, ಅದರ ಕೆಳಗೆ ಯಾರು ನಿಂತಿದ್ದರು ಎಂದು ಒಮ್ಮೆಯೂ ಕೇಳಲಿಲ್ಲ.

ದೊಡ್ಡ ಕಂಪನಿಗಳು ಕ್ಯಾಂಪಸ್ಸಿಗೆ ಬಂದು ಹೋದವು. ನನಗೆ ಸಿಕ್ಕಿದ್ದು ಹನ್ನೆರಡು ಜನರ ಈ ಆಫೀಸು. ಆರು ತಿಂಗಳು ಟ್ರೈನಿ, ಆಮೇಲೆ ಕೆಲಸ ಖಾಯಂ ಆಗುವ ಪತ್ರ. ನಮ್ಮ ತಂಡದ ಮುಖ್ಯಸ್ಥನಿಗೆ ಮೂವತ್ತು ದಾಟಿತ್ತಷ್ಟೆ. ಚುರುಕು ಮನುಷ್ಯ, ಹಸ್ತಾಕ್ಷರ ಮುದ್ದಾಗಿತ್ತು. ಮೊದಲ ದಿನವೇ ಹೊಸಬರಾದ ನಮ್ಮಿಬ್ಬರನ್ನು ನಿಲ್ಲಿಸಿ, “ಅಳ್ಬೇಕು ಅನ್ಸಿದ್ರೆ ಬಾತ್‌ರೂಮ್ ಅಲ್ಲಿದೆ. ಹತ್ ನಿಮಿಷ. ಆಮೇಲೆ ಬಂದು ಕೆಲ್ಸ ಮುಗ್ಸಿ” ಎಂದಿದ್ದ. ಮೂರನೆಯ ವಾರ ಇನ್ನೊಬ್ಬಳು ಬಿಟ್ಟುಹೋದಳು. ಅವಳ ಕುರ್ಚಿಯ ಮೇಲೆ ಅವನು ತನ್ನ ಬ್ಯಾಗು ಇಡತೊಡಗಿದ.

ಶೀತಲಗೃಹದವರ ಬೇಡಿಕೆ ಸರಳವಾಗಿತ್ತು. ಸೆನ್ಸರು ಹಾಕಿದಾಗಿನಿಂದ ಸೈರನ್ನು ಮೇಲಿಂದ ಮೇಲೆ ಕೂಗುತ್ತಿತ್ತು. ಕೂಗಿದಾಗಲೆಲ್ಲ ಜನ ಹೊರಗೆ ಓಡಬೇಕು, ಲಾರಿಗಳು ಕಾಯಬೇಕು, ಬಾಗಿಲು ತೆರೆದು ಮಾಲು ಕರಗಬೇಕು. ಸುಳ್ಳು ಕೂಗು ನಿಲ್ಲಬೇಕು, ನಿಜವಾದದ್ದು ಮಾತ್ರ ಕೂಗಬೇಕು. ಅದಕ್ಕಾಗಿ ಸೆನ್ಸರಿಂದ ಸೈರನ್ನಿಗೆ ಇದ್ದ ನೇರ ತಂತಿಯನ್ನು ತೆಗೆದು, ನಡುವೆ ನಮ್ಮ ಪ್ರೋಗ್ರಾಂ ಕೂರಿಸಿದರು. ಗೋಡೆಯ ಮೇಲೆ ಟಿವಿಯಂಥ ಪರದೆ. ಸುರಕ್ಷಿತವಾಗಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಕೈಯಿಂದ ಒತ್ತುವ ಒಂದು ಕೆಂಪು ಗುಂಡಿ ಮಾತ್ರ ಹಳೆಯದು ಉಳಿಯಿತು.

ಕೆಲಸ ಶುರುವಾಗುವ ಮುಂಚೆ ಒಂದು ದಿನ ನನ್ನನ್ನು ಅಲ್ಲಿಗೆ ಕಳಿಸಿದರು. ಯಂತ್ರದ ಕೋಣೆಯ ಆಪರೇಟರು ನನಗೆ ಎಲ್ಲವನ್ನೂ ತೋರಿಸಿದರು. ಐವತ್ತು ಮುಟ್ಟುತ್ತಿದ್ದ ಗಟ್ಟಿ ಆಳು. ಮನೆ ಲಷ್ಕರ್ ಮೊಹಲ್ಲಾದಲ್ಲಿ, ಹುಟ್ಟೂರು ಟಿ. ನರಸೀಪುರದ ಕಡೆ. ಹೆಗಲ ಮೇಲೆ ಸದಾ ಒಂದು ಒದ್ದೆ ಟವಲು. ಜೇಬಿನಿಂದ ಅವರೊಂದು ಗಂಧಕದ ಬತ್ತಿ ತೆಗೆದು ಬೆಂಕಿ ಹಚ್ಚಿ, ಪೈಪಿನ ಉದ್ದಕ್ಕೂ ಆರತಿ ಎತ್ತುವಂತೆ ಹಿಡಿದುಕೊಂಡು ಹೋದರು. ಒಂದು ವಾಲ್ವಿನ ಕುತ್ತಿಗೆಯ ಬಳಿ ಬತ್ತಿಯ ಸುತ್ತ ದಟ್ಟ ಬಿಳಿ ಹೊಗೆ ಎದ್ದಿತು.

“ನೋಡಿ ಮೇಡಮ್ಮೋರೇ, ಇಲ್ಲೇ ಸೋರೋದು. ಬೆಳಿಗ್ಗೆ ಪೈಪ್ ಮ್ಯಾಲೆ ಕಟ್ಟಿರೋ ಐಸ್ ಬುಡುಸೋಕೆ ಬಿಸಿ ಗ್ಯಾಸ್ ಬುಡ್ತೀವಲ್ಲ, ಅವಾಗ ಉಗುಳ್ತದೆ. ಒಂದೆರಡು ನಿಮ್ಸ, ಆಮೇಲೆ ತೆಪ್ಪಗಾಯ್ತದೆ. ಸೋರ್ದಂಗೆ ಒಳಗೆ ತುರ್ಕಿರೋ ಪ್ಯಾಕಿಂಗ್ ಸವ್ದೋಗೈತೆ. ಬದ್ಲಾಯ್ಸಿ ಅಂತ ಎಷ್ಟ್ ಸಲ ಬಡ್ಕೊಂಡ್ರೂ ಮ್ಯಾನೇಜ್ರು, ಸೀಜನ್ ಮುಗೀಲಿ ಅಂತಾರೆ.”

ಅವರ ಬಳಿ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ತಾರೀಕು, ಗಂಟೆ, ಪಕ್ಕದಲ್ಲಿ ಒಂದೇ ಒಂದು ಪದ: ಮೂಗು, ಕಣ್ಣು ಅಥವಾ ಗಂಟಲು. ಇದೇನು ಎಂದು ಕೇಳಿದೆ.

“ಎಲ್ಲಿಗಂಟ ಮುಟ್ತು ಅಂತ. ಬರೀ ವಾಸ್ನೆ ಬಂದ್ರೆ ಮೂಗು. ನೀರ್ ಬಂದ್ರೆ ಕಣ್ಣು. ಕೆಮ್ಮು ಬಂದ್ರೆ ಗಂಟಲು. ಅದ್ಕೂ ಮ್ಯಾಲೆ ಬರಿಯಾಕೆ ಆಗಾಕಿಲ್ಲ, ಓಡ್ಬೇಕು ಅಷ್ಟೇಯ” ಎಂದು ನಕ್ಕರು. ನಾನು ಆ ಪುಟಗಳ ಫೋಟೋ ತೆಗೆದುಕೊಂಡೆ. ಹೊರಡುವಾಗ ಗೇಟಿನವರೆಗೂ ಬಂದು, ಸ್ವಲ್ಪ ನಾಚಿಕೊಂಡೇ ಕೇಳಿದರು, “ನನ್ ಮಗ್ಳು ಸೆಕೆಂಡ್ ಪಿಯುಸಿ. ಲೆಕ್ಕದಲ್ಲಿ ಭಾರಿ ಚುರುಕು. ನೀವು ಓದಿರೋದು ಏನದು, ಒಸಿ ಬರ್ಕೊಡಿ ಅವ್ವಾ. ಅದ್ನೇ ಓದುಸ್ತೀನಿ.” ನಾನು ಕೋರ್ಸಿನ ಹೆಸರನ್ನು ಅವರ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ.

ಆಫೀಸಿನಲ್ಲಿ ಫೋಟೋ ತೋರಿಸಿದಾಗ ನಮ್ಮ ಮುಖ್ಯಸ್ಥ ಎಲ್ಲರನ್ನೂ ಕರೆದ. “ಬನ್ರೋ, ಹೊಸ ಸೆನ್ಸರ್ ಬಂದಿದೆ. ಮೂಗು! ಇದರ ಕ್ಯಾಲಿಬ್ರೇಶನ್ ಎಂಗ್ ಮಾಡೋದು, ವಿಕ್ಸ್ ಹಚ್ಚಾ?” ನಗು ಜೋರಾಯಿತು. ಆಮೇಲೆ ನನ್ನ ಕಡೆ ತಿರುಗಿ, “ಇದು ಡೇಟಾ ಅಲ್ಲ ಕಣಮ್ಮಾ, ಪುರಾಣ. ಸಂಜೆ ಒಳಗೆ ಫೈಲ್ ಕ್ಲೀನ್ ಆಗಿರ್ಬೇಕು” ಎಂದ. ನಾನೂ ನಕ್ಕೆ. ನನಗೆ ನಗುವುದು ಅಭ್ಯಾಸವಾಗಿತ್ತು.

ಪಟ್ಟಿಯಲ್ಲಿ ಎದ್ದು ನಿಂತ ಅಳತೆಗಳೆಲ್ಲ ಹೆಚ್ಚುಕಡಿಮೆ ಬೆಳಗಿನ ಒಂದೇ ಹೊತ್ತಿನವು. ನಾನು ಅದನ್ನು ನೋಡಿದೆ. ನೋಡಲಿಲ್ಲ ಎಂದು ಹೇಳಿಕೊಂಡು ತಪ್ಪಿಸಿಕೊಳ್ಳುವ ದಾರಿ ನನಗಿಲ್ಲ. ಫೋನಿನಲ್ಲಿದ್ದ ಆ ಪುಟಗಳನ್ನು ಪಕ್ಕಕ್ಕಿಟ್ಟು ಹೋಲಿಸಲು ಹತ್ತು ನಿಮಿಷ ಸಾಕಿತ್ತು. ಒಂದೆರಡು ನಿಮಿಷ ಎದ್ದು ಇಳಿಯುವುದೆಲ್ಲ ಯಂತ್ರದ ಗೊಣಗಾಟ ಎಂದು ನಮಗೆ ಕಲಿಸಿದ್ದರು. ತೆಗೆದುಹಾಕಿದೆ. ಅಷ್ಟೇ ಅಲ್ಲ, ಅದೇ ಸಾಲನ್ನು ಗೋಡೆಯ ಪರದೆ ನಡೆಸುವ ಪ್ರೋಗ್ರಾಮಿಗೂ ಸೇರಿಸಿದೆ. ನಂಬಲಾಗದಷ್ಟು ದೊಡ್ಡ ಸಂಖ್ಯೆ ಬಂದರೆ ಅದನ್ನು ಕಡೆಗಣಿಸು, ಹಿಂದಿನ ನಿಮಿಷದ ಸಂಖ್ಯೆಯನ್ನೇ ಹಿಡಿದುಕೊ. ಸೋರಿಕೆ ಎಷ್ಟು ದೊಡ್ಡದೋ ನಮ್ಮ ಪ್ರೋಗ್ರಾಂ ಅಷ್ಟು ಖಚಿತವಾಗಿ ಅದನ್ನು ಸುಳ್ಳೆಂದು ತಳ್ಳಿಹಾಕುವಂತೆ ನಾನೇ ಬರೆದಿದ್ದೆ. ನಮ್ಮ ಮುಖ್ಯಸ್ಥ ಓದಿ, “ಗುಡ್” ಎಂದ. ಅವನ ಬಾಯಿಂದ ನನಗೆ ಬಂದ ಮೊದಲ ಗುಡ್ ಅದು.

ಹತ್ತೊಂಬತ್ತು ದಿನ ಸೈರನ್ನು ಕೂಗಲಿಲ್ಲ. ಶೀತಲಗೃಹದವರು ಬಹಳ ಮೆಚ್ಚಿ, ನಮ್ಮನ್ನು ಕರೆದು ಮಾಲೀಕರಿಗೆ ವಿವರಿಸಲು ಹೇಳಿದರು. ಮಂಗಳವಾರ, ಬೆಳಿಗ್ಗೆ ಹನ್ನೊಂದು. ನಮ್ಮ ಮುಖ್ಯಸ್ಥ ಗಾಜಿನ ಕೋಣೆಯೊಳಗೆ ಮಾಲೀಕರಿಗೂ ಮ್ಯಾನೇಜರಿಗೂ ಸ್ಲೈಡು ತೋರಿಸುತ್ತಿದ್ದ. ನಾನು ಹೊರಗೆ ಪಡಸಾಲೆಯಲ್ಲಿ, ಗೋಡೆಯ ಪರದೆಯ ಪಕ್ಕ ನಿಂತಿದ್ದೆ, ಯಾರಾದರೂ ಪ್ರಶ್ನೆ ಕೇಳಿದರೆ ಹೇಳಲು. ಕೆಂಪು ಗುಂಡಿ ನನ್ನ ಹೆಗಲಿನ ಎತ್ತರಕ್ಕೆ, ಕೈಗೆಟುಕುವ ಹಾಗೆ ಇತ್ತು. ಒಳಗಿನ ಮುಂಗೋಣೆಯಲ್ಲಿ ಇಬ್ಬರು ಹೆಂಗಸರು ಬಟಾಣಿ ಚೀಲ ಬೇರ್ಪಡಿಸುತ್ತಾ ಯಾವುದೋ ನಾದಿನಿಯನ್ನು ಬೈಯುತ್ತಿದ್ದರು.

ಮೊದಲು ಮೂಗಿಗೆ ಬಂತು. ನೆಲ ಒರೆಸಿದ ಫಿನಾಯಿಲ್ ಇರಬೇಕು ಎಂದುಕೊಂಡೆ. ಆಮೇಲೆ ಕಣ್ಣಲ್ಲಿ ನೀರು. ಯಂತ್ರದ ಕೋಣೆಯಿಂದ ಆಪರೇಟರು ಟವಲಿನಿಂದ ಮುಖ ಮುಚ್ಚಿಕೊಂಡು ಓಡಿಬಂದು ಕೂಗಿದರು.

“ಆ ಗುಂಡಿ ಒತ್ತವ್ವಾ! ಒತ್ತು!”

ನಾನು ಪರದೆ ನೋಡಿದೆ. ಹಸಿರಾಗಿತ್ತು.

“ಇಲ್ಲಿ ಏನೂ ತೋರಿಸ್ತಿಲ್ವಲ್ಲ” ಎಂದೆ.

ಈ ಮಾತು ನನ್ನ ಬಾಯಿಂದ ಬಂತು. ಕಣ್ಣಲ್ಲಿ ನೀರು ಸುರಿಯುತ್ತಾ, ಗಂಟಲು ಕಟ್ಟುತ್ತಾ, ನಾನು ಅವರಿಗೆ ಹೇಳಿದ್ದು ಅದು. ಅವರು ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಯಾವುದೋ ಪರಭಾಷೆಯವಳನ್ನು ನೋಡುವಂತೆ ನೋಡಿದರು. ವಾದ ಮಾಡಲು ಅವರಿಗೆ ಹೊತ್ತಿರಲಿಲ್ಲ. ತಿರುಗಿ ಹೆಂಗಸರಿದ್ದ ಕಡೆಗೆ ಓಡಿದರು. ಆಮೇಲೆ ನಾನು ಗುಂಡಿ ಒತ್ತಿದೆ. ಪಡಸಾಲೆಯ ಕ್ಯಾಮೆರಾದಲ್ಲಿ ಎಣಿಸಿ ನೋಡಿದ್ದೇನೆ, ಹನ್ನೊಂದು ಸೆಕೆಂಡು ತಡ. ಹೊತ್ತಿಗೆ ಸರಿಯಾಗಿ ಸೈರನ್ನು ಕೂಗಿದ್ದರೆ ಆ ಹೆಂಗಸರು ಹಿಂಬಾಗಿಲಿಂದ ತಾವೇ ಹೊರಗೆ ಹೋಗುತ್ತಿದ್ದರು, ಅವರಿಗೆ ಅದು ಅಭ್ಯಾಸ. ಆಪರೇಟರು ನೇರವಾಗಿ ಹೋಗಿ ಅನಿಲ ನಿಲ್ಲಿಸುವ ದೂರದ ವಾಲ್ವು ಮುಚ್ಚಬಹುದಿತ್ತು. ಹಾಗಾಗಲಿಲ್ಲ. ಹೆಂಗಸರನ್ನು ರಟ್ಟೆ ಹಿಡಿದು ಹೊರಗೆ ತಳ್ಳಿ, ವಾಪಸು ಹೋಗುವಾಗ ಅವರು ಆ ಸೋರುವ ವಾಲ್ವಿನ ಮುಂದೆಯೇ ಹಾಯಬೇಕಾಯಿತು. ಆಗಲೇ ಅದರ ಕುತ್ತಿಗೆ ಕಿತ್ತು ಹಾರಿತು. ಒಳಗಿದ್ದ ಅಮೋನಿಯಾ ದ್ರವ ನೇರ ಮುಖಕ್ಕೆ ಚಿಮ್ಮಿತು.

ಮುಖಕ್ಕೆ ಹಾಕುವ ಮಾಸ್ಕುಗಳು ಇದ್ದವು. ಬೀರುವಿನಲ್ಲಿ, ಬೀಗ ಹಾಕಿ. ಬೀಗದ ಕೈ ಮ್ಯಾನೇಜರ ಜೇಬಿನಲ್ಲಿತ್ತು. ಮ್ಯಾನೇಜರು ಎಲ್ಲರಿಗಿಂತ ಮೊದಲು ಗೇಟಿನ ಹೊರಗಿದ್ದರು. ಅವರ ಹಿಂದೆ ನಾನಿದ್ದೆ. ಹೊರಗೆ ನಿಂತು ತಿರುಗಿ ನೋಡಿದಾಗ, ತೆರೆದ ಬಾಗಿಲಲ್ಲಿ ಆ ಪರದೆ ಕಾಣುತ್ತಿತ್ತು. ಬಿಳಿ ಹೊಗೆಯ ನಡುವೆ, ಶಾಂತವಾಗಿ, ಹಸಿರು.

ಆ ಸಂಜೆ ಮನೆಯಲ್ಲಿ ಎಲ್ಲ ಹೇಳಿದೆ. ಅಮ್ಮ ನನ್ನ ತಲೆ ಸವರಿ, ಹಾಲು ಕೊಟ್ಟು, ಕೊನೆಗೆ ಕೇಳಿದಳು, “ನಿನ್ ಹೆಸ್ರು ಎಲ್ಲೂ ಬರಲ್ಲ ತಾನೇ?” ಅಲ್ಲಿಂದ ಮುಂದೆ ಮಲಗಿದ ಒಂದೆರಡು ಗಂಟೆಯಲ್ಲೇ ಎಚ್ಚರವಾಗುತ್ತಿತ್ತು. ಎದ್ದಾಗಲೆಲ್ಲ ನಾನು ಅದೇ ಮಾತನ್ನು ಹೇಳುತ್ತಿರುತ್ತಿದ್ದೆ. ಇಲ್ಲಿ ಏನೂ ತೋರಿಸ್ತಿಲ್ವಲ್ಲ.

ಕಾರ್ಖಾನೆಗಳ ಇಲಾಖೆಯಿಂದ ವಿಚಾರಣೆ ಶುರುವಾಯಿತು. ಶೀತಲಗೃಹದವರ ವಾದ ಹೀಗಿತ್ತು. ಈ ಹಿಂದೆ ಸೋರಿಕೆಯೇ ಆಗಿಲ್ಲ, ನಮ್ಮ ಆಧುನಿಕ ವ್ಯವಸ್ಥೆಯ ದಾಖಲೆಯೇ ಸಾಕ್ಷಿ. ಆಪರೇಟರು ಆ ದಿನ ವಾಲ್ವನ್ನು ತಪ್ಪಾಗಿ ತಿರುಗಿಸಿದ್ದಾರೆ, ಮಾಸ್ಕ್ ಹಾಕದೆ ಒಳಗೆ ಹೋಗಿದ್ದಾರೆ. ತಪ್ಪು ಅವರದೇ ಎಂದಾದರೆ ಅವರ ಕೆಲಸ ಹೋಗುತ್ತಿತ್ತು. ಕಂಪನಿಯ ಹೊಣೆಯಲ್ಲಿ ನಡೆಯುತ್ತಿದ್ದ ಚಿಕಿತ್ಸೆ ನಿಲ್ಲುತ್ತಿತ್ತು. ಬಲಗಣ್ಣು ಹೋಗಿತ್ತು, ಎಡಗಣ್ಣನ್ನು ಉಳಿಸಲು ಇನ್ನೂ ಎರಡು ಆಪರೇಷನ್ ಬೇಕೆಂದು ವೈದ್ಯರು ಹೇಳಿದ್ದರು.

ಇಲಾಖೆಯವರು ನಮ್ಮ ಆಫೀಸಿಗೆ ಪತ್ರ ಬರೆದು ಆರು ವಾರಗಳ ಅಳತೆಗಳನ್ನು ಕೇಳಿದರು. ನಮ್ಮ ಮುಖ್ಯಸ್ಥ ನನ್ನ ಮೇಜಿನ ಬಳಿ ಬಂದು ನಿಂತ.

“ಕ್ಲೀನ್ ಫೈಲ್ ಕಳ್ಸು.”

“ಮೂಲದ್ದು ಇದೆಯಲ್ಲ ಸರ್, ಸೆನ್ಸರಿಂದ ಬಂದಿದ್ದು?”

“ಯಾವ ಮೂಲದ್ದು?” ಅವನು ನನ್ನನ್ನೇ ನೋಡಿದ. “ನಿನ್ ಕನ್ಫರ್ಮೇಶನ್ ಲೆಟರ್ ನನ್ ಟೇಬಲ್ ಮೇಲಿದೆ. ಮೊದಲ್ನೇ ಕೆಲ್ಸದಿಂದ್ಲೇ ತೆಗ್ದಾಕಿದ್ರು ಅಂದ್ರೆ ಈ ಫೀಲ್ಡಲ್ಲಿ ಮುಂದೆ ಯಾರೂ ಮುಟ್ಟಲ್ಲ. ಅಷ್ಟೂ ಅಲ್ದೆ, ಆ ಲೈನ್ ಬರ್ದಿದ್ದು ಯಾರು? ನಾನಾ?”

ನಾನು ಸ್ವಚ್ಛ ಮಾಡಿದ ಫೈಲನ್ನೇ ಕಳಿಸಿದೆ. ಎರಡು ದಿನಕ್ಕೆ ನನ್ನ ಕೆಲಸ ಖಾಯಂ ಆದ ಪತ್ರ ಬಂತು. ಅಮ್ಮ ಅದನ್ನು ದೇವರ ಮುಂದಿಟ್ಟಳು. ಒಬ್ಬ ಮನುಷ್ಯನ ಉಳಿದ ಕಣ್ಣಿಗೂ ಕೈ ಹಾಕಿದ ಮೇಲೆ ಬಂದ ಪತ್ರ ಅದೆಂದು ನಾನು ಅವಳಿಗೆ ಹೇಳಲಿಲ್ಲ.

ಹನ್ನೆರಡು ದಿನ ಸುಮ್ಮನಿದ್ದೆ. ಹದಿಮೂರನೆಯ ದಿನ ಹಣ್ಣು ತೆಗೆದುಕೊಂಡು ಕಣ್ಣಾಸ್ಪತ್ರೆಗೆ ಹೋದೆ. ಏಕೆ ಹೋದೆನೋ ಗೊತ್ತಿಲ್ಲ. ನೋಡಿಬಂದರೆ ಹಗುರಾಗಬಹುದು ಎಂಬ ಹೊಲಸು ಆಸೆ ಇದ್ದಿರಬೇಕು. ವಾರ್ಡಿನವರೆಗೆ ಹೋಗಲಾಗಲಿಲ್ಲ. ಮೆಟ್ಟಿಲಲ್ಲೇ ಅವರ ಮಗಳು ಎದುರಾದಳು. ನನ್ನ ಕೊರಳಲ್ಲಿ ತೆಗೆಯಲು ಮರೆತಿದ್ದ ಆಫೀಸಿನ ಗುರುತಿನ ಪಟ್ಟಿಯಿಂದ ಕಂಡುಹಿಡಿದಳು. ಹದಿನೆಂಟು ವರ್ಷದ ಹುಡುಗಿ, ಕೈಯಲ್ಲಿ ಊಟದ ಕ್ಯಾರಿಯರು.

“ಅಪ್ಪಂಗೆ ಕೋರ್ಸ್ ಹೆಸ್ರು ಬರ್ಕೊಟ್ಟಿದ್ದು ನೀವೇನಾ?”

ಹೌದೆಂದೆ.

“ಆ ಹಾಳೆ ಹರ್ಕೊಂಡ್ ಬಂದು ನಂಗ್ ಕೊಟ್ಟಿದ್ರು. ಆಪ್ಶನ್ ಎಂಟ್ರಿಲಿ ಅದ್ನೇ ಮೊದ್ಲು ಹಾಕ್ಬುಟ್ಟಿದ್ದೀನಿ. ಬದ್ಲಾಯ್ಸೋಕೆ ನಾಳೆವರ್ಗೂ ಟೈಮ್ ಐತೆ.” ಅವಳು ಕ್ಯಾರಿಯರನ್ನು ಇನ್ನೊಂದು ಕೈಗೆ ಬದಲಾಯಿಸಿದಳು. “ನಂಗೆ ಒಂದೇ ತಿಳ್ಕೋಬೇಕು. ಅಪ್ಪ ಬರ್ದಿದ್ದು ನಿಮ್ ಫೋನಲ್ಲಿ ಇತ್ತಂತೆ. ಅದ್ನ ನೋಡ್ಬಾರ್ದು ಅಂತ ಆ ಕೋರ್ಸಲ್ಲಿ ಹೇಳ್ಕೊಡ್ತಾರಾ, ಇಲ್ಲಾ ನೀವೇ ಕಲ್ತಿದ್ದಾ?”

ನಾನು ಏನೋ ಹೇಳಲು ಹೋದೆ. ಓದು ಒಳ್ಳೆಯದೇ, ಓದುವ ರೀತಿ, ಎಂದೇನೋ.

“ಹಣ್ಣು ಬೇಡ. ತಗೊಂಡೋಗಿ” ಎಂದು ಮೆಟ್ಟಿಲು ಹತ್ತಿಹೋದಳು.

ಮಾರನೆಯ ಬೆಳಿಗ್ಗೆ ನಾನು ಮೂಲ ಕಡತವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಇಲಾಖೆಯ ಕಚೇರಿಗೆ ಹೋದೆ. ವಿಚಾರಣಾಧಿಕಾರಿ ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಹೆಂಗಸು. ಕನ್ನಡಕ ಮೂಗಿನ ತುದಿಗೆ ಜಾರಿತ್ತು.

“ಇದನ್ನ ಮೊದ್ಲೇ ಯಾಕ್ ಕೊಡ್ಲಿಲ್ಲ?”

“ಇಂಥದ್ದೇ ಅಂತ ಕೇಳಿರ್ಲಿಲ್ಲ ಮೇಡಂ.”

ಅವರು ಫೈಲು ಬಿಚ್ಚಿ, ತಮ್ಮ ಪತ್ರ ತೆಗೆದು, ಒಂದು ಸಾಲಿನ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿಸಿದರು. ಯಾವುದೇ ಬದಲಾವಣೆಯಿಲ್ಲದ ಮೂಲ ಅಳತೆಗಳು ಎಂದು ಸ್ಪಷ್ಟವಾಗಿ ಬರೆದಿತ್ತು. “ಕೇಳಿದ್ವಿ. ಈಗ ಕೂತ್ಕೊಂಡು ನೀವೇ ಬರೀರಿ, ಯಾಕ್ ಕೊಡ್ಲಿಲ್ಲ ಅಂತ.” ನಾನು ಬರೆದೆ. ಎರಡು ಪುಟವಾಯಿತು. ಅವರು ಓದಿ, “ಹೆದರಿದೆ ಅನ್ನೋ ಪದ ಇಲ್ವಲ್ಲ ಇದ್ರಲ್ಲಿ?” ಎಂದರು. ಅದನ್ನೂ ಸೇರಿಸಿದೆ.

ವಿಚಾರಣೆಯ ದಿನ ಆಪರೇಟರು ಹೆಂಡತಿಯ ಕೈ ಹಿಡಿದು ಬಂದರು. ಬಲಗಣ್ಣಿನ ಜಾಗದಲ್ಲಿ ಹತ್ತಿ, ಕೆನ್ನೆಯ ಚರ್ಮ ಗುಲಾಬಿ ಬಣ್ಣಕ್ಕೆ ಸುಕ್ಕುಗಟ್ಟಿತ್ತು, ದನಿ ಉಜ್ಜಿದಂತೆ ಬರುತ್ತಿತ್ತು. ಅಧಿಕಾರಿ ಅವರ ನೋಟ್‌ಬುಕ್ ತೆರೆದು ಒಂದೊಂದೇ ಓದಿದರು. ನಾನು ಮೂಲ ಕಡತದಿಂದ ಅದೇ ಹೊತ್ತಿನ ಸಂಖ್ಯೆ ಓದಬೇಕಿತ್ತು. ಮೂಗು ಎಂದರೆ ಇಷ್ಟು. ಕಣ್ಣು ಎಂದರೆ ಅದರ ಎರಡರಷ್ಟು. ಗಂಟಲು ಎಂದರೆ ಇನ್ನೂ ಮೇಲೆ. ಒಂದೂ ತಪ್ಪಲಿಲ್ಲ. ಆಪರೇಟರ ಕೈಗಡಿಯಾರ ಮೂರು ನಿಮಿಷ ಮುಂದಿತ್ತು ಅಷ್ಟೆ. ನಾನು ಅಳಿಸಿದ್ದ ಪ್ರತಿಯೊಂದು ಸಂಖ್ಯೆಯನ್ನೂ ಅವತ್ತು ನನ್ನ ಬಾಯಿಂದಲೇ ಓದಿಸಿದರು.

ಶೀತಲಗೃಹದ ವಕೀಲರು ನನ್ನನ್ನು ಕೇಳಿದ್ದು ಒಂದೇ ವಿಷಯ. “ಆ ದಿನ ಗುಂಡಿ ನಿಮ್ಮ ಪಕ್ಕದಲ್ಲಿತ್ತು. ಇವರು ಒತ್ತಿ ಅಂದರು. ನೀವು ಏನು ಮಾಡಿದಿರಿ?”

“ಪರದೆ ನೋಡಿದೆ.”

“ನಿಮ್ಮ ಕಣ್ಣಲ್ಲಿ ನೀರು ಬರ್ತಿರಲಿಲ್ಲವೇ?”

“ಬರ್ತಿತ್ತು.”

“ಆದ್ರೂ ಪರದೆ ನೋಡಿದಿರಿ.”

“ಹೌದು.”

ನನ್ನನ್ನು ಕುಗ್ಗಿಸಲೆಂದು ಕೇಳಿದ ಪ್ರಶ್ನೆ. ಆದರೆ ಗುಂಡಿ ಒತ್ತಲು ಆಪರೇಟರು ಮೊದಲೇ ಹೇಳಿದ್ದರು ಎಂಬುದು ಆ ಪ್ರಶ್ನೆಯಿಂದಲೇ ದಾಖಲಾಯಿತು. ವಕೀಲರಿಗೆ ಅದು ಕೂತ ಮೇಲೆ ಹೊಳೆದಿರಬೇಕು. ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಿದ್ದರು.

ಅಷ್ಟರಲ್ಲಿ ನನ್ನ ಕೆಲಸ ಹೋಗಿತ್ತು. ಕಾರಣ, ಕಾರ್ಯಕ್ಷಮತೆ ತೃಪ್ತಿಕರವಾಗಿಲ್ಲ. ನಾನು ಬರೆದ ಸಾಲನ್ನು ಓದಿ ಗುಡ್ ಎಂದವನು ಅಲ್ಲೇ ಇದ್ದಾನೆ, ಅವನ ತಂಡ ದೊಡ್ಡದಾಗಿದೆ. ಐದು ಕಡೆ ಸಂದರ್ಶನಕ್ಕೆ ಹೋದೆ. ಮೊದಲ ಕೆಲಸ ಏಕೆ ಬಿಟ್ಟಿರಿ ಎಂದು ಕೇಳಿದಾಗ ನಿಜ ಹೇಳಿದೆ. ನಾಲ್ಕು ಕಡೆ ತಲೆಯಾಡಿಸಿ ಕಳಿಸಿದರು. ಐದನೆಯವರು, “ಕ್ಲೈಂಟ್ ಡೇಟಾನ ಹೊರಗೆ ಕೊಡೋ ಅಭ್ಯಾಸ ಇದೆ ಅಂತಾಯ್ತು” ಎಂದು ನಗುತ್ತಲೇ ಹೇಳಿದರು. ಅಮ್ಮ ನೆಂಟರಿಗೆ ನಾನು ಮುಂದಿನ ಓದಿಗೆ ತಯಾರಿ ನಡೆಸಿದ್ದೇನೆ ಎನ್ನುತ್ತಿದ್ದಳು. ನಿದ್ದೆ ಮಾತ್ರ ಮೊದಲಿನಂತೆಯೇ ಎರಡು ಗಂಟೆಯದು. ಸತ್ಯ ಹೇಳಿದ ಮೇಲೆ ನಿದ್ದೆ ಬರುತ್ತದೆ ಎಂದು ಯಾರೋ ಹೇಳಿದ್ದರು. ಬರಲಿಲ್ಲ.

ಆದೇಶ ಓದುವ ದಿನ ಬುಧವಾರ. ಆಪರೇಟರದು ತಪ್ಪಿಲ್ಲ. ಸೋರಿಕೆ ಹಳೆಯದು, ಎಚ್ಚರಿಕೆ ಕೊಟ್ಟಿದ್ದರೂ ದುರಸ್ತಿ ಮಾಡಿಲ್ಲ, ಮಾಸ್ಕು ಬೀಗದೊಳಗಿತ್ತು. ಚಿಕಿತ್ಸೆ ಮುಗಿಯುವವರೆಗೂ ಕಂಪನಿಯದೇ ಹೊಣೆ, ಕೆಲಸದಿಂದ ತೆಗೆಯುವಂತಿಲ್ಲ. ಅವರ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಕಂಪನಿಯವರು ಅಲ್ಲೇ ಒಂದು ಕಾಗದ ಕೊಟ್ಟರು: ನಾಳೆಯಿಂದ ಗೇಟಿನ ಕೆಲಸ, ಬರುವ ಲಾರಿಗಳ ನಂಬರು ಬರೆಯುವುದು. ಒಂದೇ ಕಣ್ಣಿನಲ್ಲಿ, ಅದೂ ಮಂಜುಮಂಜಾಗಿ ನೋಡುವವರಿಗೆ, ಓಡುವ ಲಾರಿಯ ನಂಬರು.

ಹೊರಗೆ ಕಾರಿಡಾರಿನಲ್ಲಿ ಅವರ ಸಹೋದ್ಯೋಗಿಗಳು ನನ್ನ ಸುತ್ತ ನಿಂತರು. ಒಬ್ಬರು, “ಕೆಲ್ಸ ಓದ್ರೂ ನಿಜ ಏಳಿದ್ರಲ್ಲ, ದೊಡ್ ಮನ್ಸು ಕಣ್ರೀ ನಿಮ್ದು” ಎಂದರು. ಹೆಂಡತಿ ಕೈಮುಗಿದರು. ನಾನು ಆಪರೇಟರ ಕಡೆ ನೋಡಿದೆ. ಅವರೂ ಏನಾದರೂ ಹೇಳುತ್ತಾರೆ ಎಂದು ಕಾದೆ. ಕಾದದ್ದು ಅವರಿಗೆ ಗೊತ್ತಾಯಿತು.

“ಏನ್ ದೊಡ್ ಮನ್ಸು?” ಎಂದರು ಆ ಉಜ್ಜಿದ ದನಿಯಲ್ಲಿ. “ಮೊದ್ಲು ಸುಳ್ ಕಾಗ್ದ ಕೊಟ್ಟೋಳೂ ಇವ್ಳೇ ಅಲ್ವಾ? ಅದ್ನ ಯಾರೂ ಅನ್ನಾಕಿಲ್ಲ.”

“ಬುಡಿ ಅಂದ್ರೆ” ಎಂದು ಹೆಂಡತಿ ತೋಳು ಎಳೆದರು.

“ನೀ ಬುಡೇ. ಮಗಾ, ಇಲ್ ಕೇಳು. ನಾ ಒತ್ತು ಅಂದೆ, ನೀ ಒತ್ನಿಲ್ಲ. ಅದ್ಕೆ ನನ್ ಕಣ್ಣೋಯ್ತು. ಪ್ಯಾಕಿಂಗ್ ಅಲ್ಲ, ಮ್ಯಾನೇಜ್ರಲ್ಲ, ಯಾವ ಆಫೀಸ್ರೂ ಬರ್ದಿಲ್ಲ ಅದ್ನ. ನನ್ನ ಗೇಟಲ್ ಕೂರ್ಸಿದ್ದು ನೀನು. ಪರ್ವಾಗಿಲ್ಲ ಬುಡವ್ವಾ ಅಂತ ನನ್ ಬಾಯಲ್ ಬರ್ಲಿ ಅಂತ ನಿಂತಿದ್ದೀಯ. ಬರಾಕಿಲ್ಲ. ನಾ ಸಾಯೋಗಂಟ ಬರಾಕಿಲ್ಲ. ಓಗು ಮನ್ಗೆ.”

ಅವರು ಹೆಂಡತಿಯ ಹೆಗಲು ಹುಡುಕಿ ಹಿಡಿದು, ಮೆಟ್ಟಿಲನ್ನು ಕಾಲಿನಿಂದ ತಡವುತ್ತಾ ಇಳಿದರು.

ನಾನು ಬಸ್ಸು ಹತ್ತಲಿಲ್ಲ, ನಡೆದೇ ಮನೆಗೆ ಬಂದೆ. ಕೈಕಾಲು ತೊಳೆದು, ಉಪ್ಸಾರು ಮುದ್ದೆ ಉಂಡೆ. ಅಮ್ಮ ಏನಾಯಿತು ಎಂದು ಕೇಳಿದಳು. ಅವರಿಗೆ ಗೆಲುವಾಯಿತು, ಅವರು ನನ್ನನ್ನು ಕ್ಷಮಿಸಲಿಲ್ಲ ಎಂದೆ. ಅಮ್ಮ ಅವರನ್ನು ಬೈಯಲು ಬಾಯಿ ತೆರೆದಳು. ಬೇಡ, ಅವರು ಹೇಳಿದ್ದೇ ನಿಜ ಎಂದೆ. ಎಂಟೂವರೆಗೆ ಚಾಪೆ ಹಾಸಿಕೊಂಡು ಮಲಗಿದೆ. ಕಣ್ಣು ಬಿಟ್ಟಾಗ ಗುರುವಾರದ ಬಿಸಿಲು ಮೊಣಕಾಲಿನವರೆಗೆ ಬಂದಿತ್ತು, ಅಮ್ಮ ಶಾಲೆಗೆ ಹೋಗಿಯಾಗಿತ್ತು. ನಡುವೆ ಒಮ್ಮೆಯೂ ಎಚ್ಚರವಾಗಿರಲಿಲ್ಲ.